ಹಾಜರಾ ಬೀವಿಯ ನೀರು

ಹೊರಲಾಗದ ಹೊರೆಯನ್ನು ದೇವರು ಯಾರ ಮೇಲೂ ಹೊರಿಸುವುದಿಲ್ಲ. ಬಂಟ್ವಾಳ ತಾಲ್ಲೂಕಿನ ನಮ್ಮ ಮನೆಯ ಜಗಲಿಗೆ ಬಂದು ಕೂತವರೆಲ್ಲ ಉಮ್ಮನಿಗೆ ಹೇಳಿ ಹೋಗುತ್ತಿದ್ದ ಮಾತು ಇದು. ಉಸ್ತಾದರು ಹೇಳಿದರು, ಮದುವೆಗೆ ಕರೆಯಲು ಬಂದ ನೆಂಟರು ಹೇಳಿದರು, ನಮ್ಮನ್ನು ಬಿಟ್ಟುಹೋದ ಬಾಪನ ಅಣ್ಣ ಕೂಡ ಚಾ ಕುಡಿದು ಏಳುವಾಗ ಅದನ್ನೇ ಹೇಳಿದರು. ಉಮ್ಮ ಮಡಿಲ ಮೇಲಿನ ಗೆರಸೆಯಿಂದ ತಲೆ ಎತ್ತದೆ "ಹೌದು" ಅನ್ನುತ್ತಿದ್ದಳು. ಮಾತು ಕುರ್‌ಆನಿನದೇ, ಅದರಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಆದರೆ ಅದನ್ನು ಯಾರು ಯಾರಿಗೆ ಹೇಳಬೇಕು ಅನ್ನುವ ಪ್ರಶ್ನೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಬಾಪ ಸತ್ತಿರಲಿಲ್ಲ. ಊರು ಬಿಟ್ಟು ಹೋದವರು ಹೋದಲ್ಲೇ ಇನ್ನೊಂದು ಸಂಸಾರ ಕಟ್ಟಿಕೊಂಡರು. ತಲಾಖ್ ಕೊಡಲಿಲ್ಲ, ಖರ್ಚಿಗೂ ಕೊಡಲಿಲ್ಲ. ಗಂಡ ಸತ್ತಿದ್ದರೆ ಉಮ್ಮನಿಗೆ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನವಾದರೂ ಇರುತ್ತಿತ್ತು, ಅಳುವುದಕ್ಕೊಂದು ಅವಧಿ. ನಾವು ಮೂವರು ಮಕ್ಕಳು ಯತೀಮರೆಂದು, ತಂದೆಯಿಲ್ಲದ ಮಕ್ಕಳೆಂದು, ಲೆಕ್ಕಕ್ಕೆ ಬರುತ್ತಿದ್ದೆವು. ರಮಝಾನಿನಲ್ಲಿ ಯತೀಮರಿಗೆಂದು ಹಂಚುವ ಬಟ್ಟೆ ನಮ್ಮ ಮನೆಗೂ ಬರುತ್ತಿತ್ತು. ಸರ್ಕಾರದ ವಿಧವಾ ವೇತನಕ್ಕೆ ಅರ್ಜಿ ಹಾಕಬಹುದಿತ್ತು. ಗಂಡ ಬದುಕಿದ್ದೂ ಇಲ್ಲದ ಹೆಂಗಸಿಗೆ ಧರ್ಮದ ಪಟ್ಟಿಯಲ್ಲೂ ಸರ್ಕಾರದ ಪಟ್ಟಿಯಲ್ಲೂ ಜಾಗ ಇರಲಿಲ್ಲ.

ಹಾಗಾಗಿ ಬೀಡಿ. ದಕ್ಷಿಣ ಕನ್ನಡದಲ್ಲಿ ಆಗ ಕೈಯಲ್ಲಿ ಕಾಸಿಲ್ಲದ ಯಾವ ಹೆಂಗಸಿಗಾದರೂ ಮನೆಯಿಂದ ಹೊರಗೆ ಕಾಲಿಡದೆ ಸಿಗುತ್ತಿದ್ದ ಕೆಲಸ ಅದೊಂದೇ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಾರೆ. ಎಲೆಯನ್ನು ನೆನೆಹಾಕಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ನರ ದಪ್ಪಗಿರುವ ಎಲೆ ಸುತ್ತುವಾಗ ಒಡೆಯುತ್ತದೆ. ಅಂಥದ್ದು ಜಾಸ್ತಿ ಬಂದರೆ ಅಂಗಡಿಯಿಂದ ಎಲೆ ಕೊಂಡು ತುಂಬಿಸಬೇಕು, ಅದು ನಮ್ಮ ಖರ್ಚು. ಉಮ್ಮ ಸುತ್ತಿ ನೂಲು ಹಾಕಿ ಇಟ್ಟದ್ದರ ಬಾಯಿ ಮಡಚುವ ಕೆಲಸ ಮಕ್ಕಳದ್ದು. ಮಜೂರಿಯ ಲೆಕ್ಕ ಸಾವಿರಕ್ಕೆ ಇಷ್ಟು ಅಂತ. ಸಾವಿರ ಆಗಬೇಕಾದರೆ ಮುಂಜಾನೆಯ ಸುಬಹಿ ನಮಾಝ್ ಮುಗಿಸಿ ಕೂತವಳು ಅಡುಗೆ, ನೀರು, ಬಟ್ಟೆಯ ನಡುವೆಯೂ ಬಿಡದೆ ರಾತ್ರಿಯ ಇಶಾ ಆದ ಮೇಲೂ ಕೂರಬೇಕಿತ್ತು. ಅವಳ ಬೆರಳ ತುದಿ ಸದಾ ಕಂದು. ಅನ್ನ ಕಲಸಿ ಬಾಯಿಗಿಡುವಾಗ ಹೊಗೆಸೊಪ್ಪಿನ ಘಾಟು ಬರುತ್ತಿತ್ತು, ನಮಗೆ ಅದೇ ರುಚಿ.

ಆ ಬೀಡಿಯೂ ಅವಳ ಹೆಸರಿನಲ್ಲಿ ಇರಲಿಲ್ಲ. ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಕಾನೂನು ಅನ್ವಯವಾದದ್ದು 1977ರಲ್ಲಿ. ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಅದರ ಹಿಂದಿನ ವರ್ಷವೇ ಬಂದಿತ್ತು; ಮಕ್ಕಳಿಗೆ ವಿದ್ಯಾರ್ಥಿವೇತನ, ಕಾಯಿಲೆಗೆ ಆಸ್ಪತ್ರೆ, ಎಲ್ಲವೂ ಅದರಲ್ಲಿತ್ತು. ಆದರೆ ಎಲ್ಲದಕ್ಕೂ ಕಾರ್ಡು ಬೇಕು. ಹೊಸ ಕಾರ್ಡು ಮಾಡಿಸಿದರೆ ಹೊಸ ಪಿಎಫ್ ಕಟ್ಟಬೇಕಾದೀತೆಂದು ಬ್ರಾಂಚಿನವರು ಮುಂದಕ್ಕೆ ಹಾಕುತ್ತಲೇ ಹೋದರು. ಅಷ್ಟು ಕಾಲವೂ ಉಮ್ಮ ಸುತ್ತಿದ ಬೀಡಿ ಕಾರ್ಡಿದ್ದ ಇನ್ನೊಬ್ಬರ ಪುಸ್ತಕದಲ್ಲಿ ಜಮೆಯಾಯಿತು. ದುಡಿಮೆ ಇವಳದ್ದು, ನಿಧಿ ಅವರದ್ದು. ಪುಸ್ತಕ ಕೊಟ್ಟವರು ಕೆಟ್ಟವರಲ್ಲ, ವಾರದ ಮಜೂರಿಯಲ್ಲಿ ಒಂದು ಪೈಸೆಯನ್ನೂ ಮುರಿದುಕೊಂಡವರಲ್ಲ. ಆದರೂ ನನಗೆ ವಿದ್ಯಾರ್ಥಿವೇತನ ಬರಲಿಲ್ಲ, ಏಕೆಂದರೆ ಕಾಗದದ ಪ್ರಕಾರ ನಾನು ಬೀಡಿ ಕಾರ್ಮಿಕೆಯ ಮಗಳೇ ಅಲ್ಲ.

ಬಡತನದಲ್ಲಿ ಒಬ್ಬಳೇ ಮಕ್ಕಳನ್ನು ಸಾಕಿದ ತಾಯಂದಿರ ಶಕ್ತಿಯನ್ನು ಭಾಷಣಗಳಲ್ಲಿ ಹೊಗಳುವಾಗ ಮೊದಲು ಬರುವ ಮಾತು ಸಹನೆ. ಭೂಮಿತಾಯಿಯ ಹಾಗೆ ಸಹಿಸಿದಳು ಎನ್ನುತ್ತಾರೆ. ನಾನು ಕಂಡ ಶಕ್ತಿ ಬೇರೆ ತರದ್ದು. ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟನ್ನು ಒತ್ತಿ ನೋಡಿ, ಕಳಪೆ ಎಂದು ಬದಿಗೆ ಎಸೆಯುತ್ತಿದ್ದರು. ಎಸೆದದ್ದಕ್ಕೆ ಮಜೂರಿ ಇಲ್ಲ, ಅದನ್ನು ಹಿಂದೆ ಕೊಡುವುದೂ ಇಲ್ಲ. ಒಂದು ದಿನ ಉಮ್ಮ ಬುರ್ಖಾದ ತೋಳು ಮೇಲೆ ಮಾಡಿ, ಎಸೆದ ಕಟ್ಟನ್ನು ಎತ್ತಿ, ನೂಲು ಬಿಚ್ಚಿ, ಬೀಡಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಇದರಲ್ಲಿ ಯಾವುದು ಕಳಪೆ, ಅದನ್ನು ಮಾತ್ರ ತೆಗೆಯಿರಿ" ಅಂದಳು. ಸ್ವರ ಏರಲಿಲ್ಲ. ಹಿಂದೆ ನಿಂತಿದ್ದ ಹೆಂಗಸರೂ ಮಾತಾಡಲಿಲ್ಲ, ಆದರೆ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಚೆಕ್ಕರ್ ನಾಲ್ಕೈದು ತೆಗೆದು ಉಳಿದದ್ದನ್ನು ಲೆಕ್ಕಕ್ಕೆ ಹಾಕಿಕೊಂಡರು. ಸಹಿಸುವುದು ಅವಳಿಗೆ ಗೊತ್ತಿತ್ತು, ಆದರೆ ನಮ್ಮನ್ನು ಸಾಕಿದ್ದು ಅವಳ ಕೇಳುವ ಶಕ್ತಿ. ರೇಷನ್ ಅಂಗಡಿಯಲ್ಲಿ ಕೇಳಿದಳು, ಹೆಡ್‌ಮಾಸ್ತರರ ಹತ್ತಿರ ಕೇಳಿದಳು, ಕೊನೆಗೆ ಯೂನಿಯನ್ನಿನ ಹೆಂಗಸರ ಜೊತೆ ಹೋಗಿ ಕಾರ್ಡನ್ನೂ ಕೇಳಿ ಪಡೆದಳು, ನನ್ನ ತಮ್ಮ ಹತ್ತನೆಯ ತರಗತಿಗೆ ಬಂದಾಗ.

ಈಗ ಆ ಹೊರೆಯ ಮಾತಿಗೆ ಬರುತ್ತೇನೆ. ಅಲ್ ಬಖರಾ ಅಧ್ಯಾಯದ ಕೊನೆಯ ಸೂಕ್ತ, 286ನೆಯದು, ಅಲ್ಲಾಹನು ಯಾವ ಜೀವಕ್ಕೂ ಅದರ ಸಾಮರ್ಥ್ಯ ಮೀರಿದ ಹೊಣೆ ಹೊರಿಸುವುದಿಲ್ಲ ಎಂಬ ಅರ್ಥದಲ್ಲಿ ಶುರುವಾಗುತ್ತದೆ. ನಮ್ಮ ಜಗಲಿಯಲ್ಲಿ ಅದು ಅಲ್ಲಿಗೇ ಮುಗಿಯುತ್ತಿತ್ತು. ಸೂಕ್ತ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಅದು ಪ್ರಾರ್ಥನೆಯಾಗುತ್ತದೆ: ನಮ್ಮ ಮೇಲೆ ಭಾರ ಹೊರಿಸಬೇಡ, ತಾಳಲಾಗದ್ದನ್ನು ಹೊರಿಸಬೇಡ ಎಂದು ಬೇಡಿಕೊಳ್ಳಲು ದೇವರೇ ಕಲಿಸುತ್ತಾನೆ. ಭಾರ ಇಳಿಸು ಎಂದು ಕೇಳುವುದು ಈಮಾನಿನ, ಅಂದರೆ ವಿಶ್ವಾಸದ, ಕೊರತೆಯಾಗಿದ್ದರೆ ಆ ಪ್ರಾರ್ಥನೆ ಅಲ್ಲಿ ಇರುತ್ತಿರಲಿಲ್ಲ.

ಇನ್ನೂ ಒಂದಿದೆ, ಇದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಕನ್ನಡ ಅನುವಾದ ಇಟ್ಟುಕೊಂಡು ನಿಧಾನವಾಗಿ ಓದುವಾಗ. ಅದೇ ಅಧ್ಯಾಯದಲ್ಲಿ, 233ನೆಯ ಸೂಕ್ತದಲ್ಲಿ, ಇದೇ ಮಾತು ಮೊದಲೇ ಒಮ್ಮೆ ಬಂದಿದೆ. ಅಲ್ಲಿನ ವಿಷಯ ಹಾಲೂಡಿಸುವ ತಾಯಿ. ಅವಳ ಅನ್ನ, ಅವಳ ಬಟ್ಟೆ ಮಗುವಿನ ತಂದೆಯ ಹೊಣೆ. ಮಗುವಿನ ಕಾರಣಕ್ಕೆ ತಾಯಿಗೆ ತೊಂದರೆಯಾಗಬಾರದು. ತಂದೆ ಇಲ್ಲವಾದರೆ ಆ ಹೊಣೆ ಅವನ ವಾರಸುದಾರನದ್ದು. ಸಾಮರ್ಥ್ಯ ಮೀರಿ ಯಾರಿಗೂ ಹೊರಿಸಬಾರದೆಂಬ ಮಾತು ಈ ಹೊಣೆಗಳ ನಡುವೆಯೇ ಬರುತ್ತದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ಉಮ್ಮನಿಗೆ ಉಪದೇಶಿಸಿದ ದೊಡ್ಡಪ್ಪನನ್ನೇ ನೋಡಿ ಆಡಿದ ಹಾಗಿದೆ ಆ ಸೂಕ್ತ. ದೇವರು ತನ್ನ ಆಜ್ಞೆಗೆ ತಾನೇ ಹಾಕಿಕೊಂಡ ಮಿತಿಯನ್ನು, ಮನುಷ್ಯರು ಹೆಂಗಸೊಬ್ಬಳ ಮೇಲೆ ಹೇರಿದ ಭಾರಕ್ಕೆ ಸಮರ್ಥನೆ ಮಾಡಿಕೊಂಡಿದ್ದರು. ಬಾಪ ಇಳಿಸಿಟ್ಟು ಹೋದ ಹೊರೆ ಅಲ್ಲಾಹನ ಇಚ್ಛೆಯೆಂದು ನಾನು ಒಪ್ಪುವುದಿಲ್ಲ.

ಹಜ್ಜಿಗೋ ಉಮ್ರಾಕ್ಕೋ ಹೋದವರೆಲ್ಲ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುತ್ತಾರೆ. ಈಗ ಅಲ್ಲಿ ಅಮೃತಶಿಲೆಯ ನೆಲ, ತಂಪು ಗಾಳಿ. ಆ ನಡಿಗೆ, ಉಮ್ಮನ ಹಾಗೆ ಮಗುವಿನೊಂದಿಗೆ ಒಬ್ಬಳೇ ಉಳಿದ ಇನ್ನೊಬ್ಬ ತಾಯಿ, ಪ್ರವಾದಿ ಇಸ್ಮಾಈಲರ ತಾಯಿ ಹಾಜರಾ ಬೀವಿಯದ್ದು. ಹಾಲು ಕುಡಿಯುವ ಮಗುವಿನೊಂದಿಗೆ, ಒಂದು ಚೀಲ ಖರ್ಜೂರ ಒಂದು ತೊಗಲಿನ ನೀರಿನೊಂದಿಗೆ, ಗಂಡ ಅವರನ್ನು ಬರಡು ಕಣಿವೆಯಲ್ಲಿ ಬಿಟ್ಟು ತಿರುಗಿ ನಡೆದರು. ಇದು ಅಲ್ಲಾಹನ ಅಪ್ಪಣೆಯೇ ಎಂದು ಅವರು ಕೇಳಿದರು. ಹೌದೆಂದ ಮೇಲೆಯೇ, ಹಾಗಾದರೆ ಅವನು ನಮ್ಮ ಕೈ ಬಿಡುವುದಿಲ್ಲ ಅಂದರು. ನಂಬಿದರು, ಆದರೂ ನೀರು ಮುಗಿದಾಗ ಕೂರಲಿಲ್ಲ. ಗುಡ್ಡ ಹತ್ತಿದರು, ಇಳಿದರು, ತಗ್ಗಿನಲ್ಲಿ ಬಟ್ಟೆಯ ಅಂಚು ಎತ್ತಿಕೊಂಡು ಓಡಿದರು. ಆ ತಗ್ಗಿದ್ದ ಜಾಗಕ್ಕೆ ಈಗ ಹಸಿರು ದೀಪ ಹಾಕಿದ್ದಾರೆ. ಅಲ್ಲಿ ಬಿರುಸಾಗಿ ನಡೆಯಬೇಕಾದವರು ಗಂಡಸರು, ಹೆಂಗಸರು ಓಡಬೇಕಾಗಿಲ್ಲ. ಮದ್ರಸದಲ್ಲಿ ಇದನ್ನು ಕಲಿತಾಗ ಬರೀ ಒಂದು ನಿಯಮವಾಗಿ ಕಲಿತೆ. ಈಗ ಅನಿಸುತ್ತದೆ, ಅದರೊಳಗೆ ದೊಡ್ಡ ನ್ಯಾಯವಿದೆ. ಆ ತಾಯಿ ಒಬ್ಬಳೇ ಓಡಿದ ಓಟವನ್ನು ಗಂಡಸರು ಓಡಿ ತೀರಿಸಬೇಕು.

ನೀರು ಅವರು ಓಡಿದ ದಾರಿಯಲ್ಲಿ ಸಿಗಲಿಲ್ಲ, ಮಗು ಮಲಗಿದ್ದಲ್ಲಿ ಚಿಮ್ಮಿತು. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಮಗ ಇಸ್ಮಾಈಲರ ಕಡೆ ಹೊರಳುತ್ತಾರೆ. ಆದರೆ ಇಬ್ನ್ ಅಬ್ಬಾಸರು ಹೇಳಿದ್ದೆಂದು ಬುಖಾರಿ ಸಂಗ್ರಹದಲ್ಲಿ ದಾಖಲಾದ ಹದೀಸಿನಲ್ಲಿ ನಡುವೆ ಇನ್ನೊಂದು ಸಂಗತಿಯಿದೆ. ಆ ದಾರಿಯಾಗಿ ಬಂದ ಜುರ್ಹುಮ್ ಕುಲದವರು ಹಕ್ಕಿಗಳು ಸುತ್ತುವುದನ್ನು ಕಂಡು ನೀರಿದೆಯೆಂದು ಊಹಿಸಿ ಬಂದು, ನಾವು ಇಲ್ಲಿ ತಂಗಬಹುದೇ ಎಂದು ಹಾಜರಾ ಬೀವಿಯ ಅನುಮತಿ ಕೇಳಿದರು. ಇರಬಹುದು, ಆದರೆ ನೀರಿನ ಮೇಲೆ ನಿಮಗೆ ಹಕ್ಕಿಲ್ಲ ಎಂದರು ಅವರು. ಬಂದವರು ಒಪ್ಪಿದರು. ಮಕ್ಕಾ ಪಟ್ಟಣ ಶುರುವಾದದ್ದು ಹೀಗೆ, ಮಗುವಿನೊಂದಿಗೆ ಒಬ್ಬಳೇ ಇದ್ದ ಹೆಂಗಸಿನ ಷರತ್ತಿನ ಮೇಲೆ. ಹಾಜರಾ ಬೀವಿಯ ಓಟದ ಬಗ್ಗೆ ಎಷ್ಟೋ ಬಯಾನು, ಪ್ರವಚನ, ಕೇಳಿದ್ದೇನೆ, ಅವರ ಹಕ್ಕಿನ ಬಗ್ಗೆ ಒಂದನ್ನೂ ಕೇಳಿಲ್ಲ.

ನಮ್ಮ ಜಗಲಿಯಲ್ಲೇ ಬೀಡಿ ಸುತ್ತಲು ಬರುತ್ತಿದ್ದ ಪಕ್ಕದ ಮನೆಯ ಅಕ್ಕನಿಗೂ ಗಂಡನಿರಲಿಲ್ಲ. ಅವರಿಗೆ ಅವರ ಮನೆಯ ಹಿರಿಯರು ಹೇಳುತ್ತಿದ್ದದ್ದು ಹಿಂದಿನ ಜನ್ಮದ ಕರ್ಮ ಎಂದು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕತೆ ಹೇಳುವಾಗ ಈ ಅಕ್ಕ ನೆನಪಾಗುತ್ತಾರೆ. ಗೋತ್ರ ಯಾವುದೆಂದು ಮಗ ಕೇಳಿದಾಗ ಜಬಾಲೆ ಸುಳ್ಳು ಹೇಳುವುದಿಲ್ಲ. ಹಲವೆಡೆ ಚಾಕರಿ ಮಾಡುತ್ತಾ ನಿನ್ನನ್ನು ಪಡೆದೆ, ಗೋತ್ರ ಗೊತ್ತಿಲ್ಲ, ನನ್ನ ಹೆಸರಿನಿಂದಲೇ ನಿನ್ನನ್ನು ಹೇಳಿಕೋ ಎನ್ನುತ್ತಾಳೆ. ಮಗನ ಸತ್ಯವನ್ನು ಮೆಚ್ಚಿ ಗುರು ಅವನನ್ನು ಸೇರಿಸಿಕೊಂಡ. ಮಗ ನಾನೂರು ಬಡಕಲು ಹಸುಗಳೊಂದಿಗೆ ಹೋಗಿ ಸಾವಿರವಾದ ಮೇಲೆ ಮರಳಿದ. ಅಷ್ಟು ಕಾಲ ಜಬಾಲೆ ಯಾರ ಮನೆಯಲ್ಲಿ ಚಾಕರಿ ಮಾಡುತ್ತಿದ್ದಳು, ಯಾರು ಅವಳಿಗೆ ಅನ್ನ ಹಾಕಿದರು? ಕತೆ ಮತ್ತೆ ಅವಳ ಕಡೆ ತಿರುಗುವುದಿಲ್ಲ. ಸತ್ಯ ಅವಳದ್ದು, ಕೀರ್ತಿ ಮಗನದ್ದು. ಮಕ್ಕಳು ಕೆಲವೊಮ್ಮೆ ಈ ಪ್ರಶ್ನೆಯನ್ನು ತಾವೇ ಕೇಳುತ್ತಾರೆ, ಹೆಚ್ಚಾಗಿ ಹುಡುಗಿಯರು.

ಉಮ್ಮನ ಕಡೆ ತಿರುಗಿದರೆ, 2013ರ ಆಹಾರ ಭದ್ರತಾ ಕಾಯಿದೆ ಬಂದಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಉಮ್ಮನ ಖಾತೆಗೆ ಬೀಳುತ್ತದೆ. ಇದನ್ನು ಬಿಟ್ಟಿ ಎನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಇನ್ನೊಬ್ಬರ ಪುಸ್ತಕದಲ್ಲಿ ಜಮೆಯಾದ ಅವಳ ವರ್ಷಗಳನ್ನು ಯಾವ ಖಾತೆಯಲ್ಲಿ ಬರೆಯುತ್ತೀರಿ? ಉಮ್ಮನಿಗೆ ಈಗ ಕೆಮ್ಮು ಬಿಡುವುದಿಲ್ಲ, ಬೀಡಿ ನಿಲ್ಲಿಸಿದ್ದಾಳೆ. ಆ ಹಣದಲ್ಲಿ ಮಾತ್ರೆ ಬರುತ್ತದೆ, ಮೊಮ್ಮಕ್ಕಳಿಗೆ ಬಿಸ್ಕತ್ತು ಬರುತ್ತದೆ. ಬ್ಯಾಂಕಿಗೆ ಅವಳೇ ಹೋಗುತ್ತಾಳೆ, ಪಾಸ್‌ಬುಕ್ಕನ್ನು ಯಾರ ಕೈಗೂ ಕೊಡುವುದಿಲ್ಲ.

ನಮ್ಮ ಮಸೀದಿಯ ಜಮಾಅತಿನಲ್ಲಿ ಹೆಂಗಸರು ಸದಸ್ಯರಲ್ಲ, ಹಾಗಾಗಿ ಉಮ್ಮನಂಥ ತಾಯಂದಿರ ಪರವಾಗಿ ಕಮಿಟಿಗೆ ಪತ್ರ ಬರೆದೆ. ಝಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಣಿಸುವ ಎಂಟು ವರ್ಗಗಳಲ್ಲಿ ಮೊದಲನೆಯವರೇ ಬಡವರು. ಗಂಡ ಸತ್ತಿರಬೇಕೆಂಬ ಷರತ್ತು ಅಲ್ಲಿಲ್ಲ. ಗಂಡ ಬಿಟ್ಟುಹೋದ ತಾಯಂದಿರ ಹೆಸರನ್ನು ಝಕಾತಿನ ಪಟ್ಟಿಯಲ್ಲಿ ವಿಧವೆಯರ ಹೆಸರಿನ ಜೊತೆಗೇ ಬರೆಯಿರಿ, ಅಕ್ಕಿಯ ಚೀಲದ ಬದಲು ಅವರು ಕೇಳಿದ್ದನ್ನು ಕೊಡಿ, ಹೊಲಿಗೆ ಯಂತ್ರವಾದರೆ ಹೊಲಿಗೆ ಯಂತ್ರ, ಮಗಳ ಕಾಲೇಜು ಶುಲ್ಕವಾದರೆ ಶುಲ್ಕ. ಬಿಟ್ಟುಹೋದ ಗಂಡಸು ನಮ್ಮ ಜಮಾಅತಿನವನಾಗಿದ್ದರೆ ಅವನನ್ನೂ ಅವನ ಅಣ್ಣತಮ್ಮಂದಿರನ್ನೂ ಕರೆಸಿ, 233ನೆಯ ಸೂಕ್ತವನ್ನು ಅವರ ಮುಂದೆ ಓದಿ ಖರ್ಚಿನ ಲೆಕ್ಕ ಕೇಳಿ ಎಂದೂ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಚರ್ಚೆಗೆ ಇಡುತ್ತೇವೆ ಎಂದು ಕಾರ್ಯದರ್ಶಿ ಹೇಳಿದ್ದಾರೆ. ಪಟ್ಟಿ ರಮಝಾನಿಗೆ ಮೊದಲು ತಯಾರಾಗಬೇಕೆಂದು ಕೇಳಿದ್ದೇನೆ, ನಮ್ಮ ಬೀದಿಯಿಂದ ನಾಲ್ವರು ತಾಯಂದಿರ ಹೆಸರನ್ನು ಅವರನ್ನೇ ಕೇಳಿ, ಅವರ ಸಹಿಯೊಂದಿಗೆ ಪತ್ರದ ಕೆಳಗೆ ಸೇರಿಸಿದ್ದೇನೆ.