ಒಂದೇ ತಟ್ಟೆ, ಯಾರ ಎಂಜಲು?

ಅಮೆರಿಕದ ವಾಷಿಂಗ್ಟನ್ನಿನಲ್ಲಿ ಜೇಬು ಹಗುರಾದಾಗ ನಾವು ನುಗ್ಗುವುದು ಇಥಿಯೋಪಿಯಾದವರ ಹೋಟೆಲಿಗೆ. ಇಬ್ಬರಿಗೆಂದು ತಂದಿಟ್ಟ ತಟ್ಟೆಯಲ್ಲಿ ಮೂವರ ಹೊಟ್ಟೆ ತುಂಬುತ್ತೆ. ತೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿಗಿಟ್ಟು ಹುಯ್ದ ಇಂಜೆರ ನಮ್ಮ ದೋಸೆಗೆ ದೊಡ್ಡಣ್ಣ. ಅದರ ಮೇಲೇ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಶಿರೊ, ಖಾರದ ಮಾಂಸ. ಚಮಚೆ ಇಲ್ಲ. ಎಲ್ಲರ ಕೈಯೂ ಅದೇ ತಟ್ಟೆಗೆ. ಬೇಕಾದವರ ಬಾಯಿಗೆ ಕೈಯಾರೆ ತುತ್ತಿಡುವುದಕ್ಕೆ ಅವರು ಗುರ್ಶಾ ಅಂತಾರೆ.

ಒಮ್ಮೆ ನಮ್ಮ ಜೊತೆ ಊರ ಕಡೆಯ ಗೆಳೆಯರೊಬ್ಬರು ಬಂದಿದ್ದರು. ಓದಿದವರು, ಜಾತಿಯ ವಿರುದ್ಧ ಮಾತಾಡುವವರೇ. ತಟ್ಟೆ ಬಂದದ್ದೇ ತಡ, "ನನಗೊಂದು ಬೇರೆ ತಟ್ಟೆ ಹೇಳ್ರಿ" ಅಂದರು.

"ಯಾಕ್ರೀ?"

"ಏನಿಲ್ಲ, ಆರೋಗ್ಯದ ದೃಷ್ಟಿಯಿಂದ."

ಬಡಿಸುವ ಹೆಣ್ಣುಮಗಳು ಮಾತಾಡದೆ ಬೇರೆ ತಟ್ಟೆ ತಂದಿಟ್ಟಳು. ನಮ್ಮಪ್ಪಂದಿರಿಗೆ ಹೋಟೆಲಲ್ಲಿ ಬೇರೆ ಲೋಟ ಇಡುತ್ತಿದ್ದವರು ಅದನ್ನು ಮಡಿ ಅನ್ನುತ್ತಿದ್ದರು. ಇವರು ಆರೋಗ್ಯ ಅಂದರು.

ಎಂಜಲಿಗೆ ಹೇಸುವುದೆಲ್ಲ ಜಾತಿಯೇ ಎಂದು ನಾವು ಹೇಳುವುದಿಲ್ಲ. ಕಾಯಿಲೆಯ ಭಯ ಸುಳ್ಳಲ್ಲ. ಆದರೆ ಗಂಡ ಉಂಡ ಎಲೆಯಲ್ಲೇ ಹೆಂಡತಿ ಉಣ್ಣುವುದನ್ನು ಕಂಡು ಸುಮ್ಮನಿದ್ದ ನಾಡು ನಮ್ಮದು. ಮಡೆಸ್ನಾನವೆಂದು ಮೇಲ್ಜಾತಿಯವರ ಎಂಜಲೆಲೆಗಳ ಮೇಲೆ ಜನ ಉರುಳಿದ ನಾಡು. ಆಗೆಲ್ಲ ಈ ಆರೋಗ್ಯ ಎಲ್ಲಿತ್ತು? ಎಂಜಲು ಮೇಲಿಂದ ಕೆಳಕ್ಕೆ ಇಳಿದರೆ ಪ್ರಸಾದ, ಪಕ್ಕದವನ ಕೈಯಿಂದ ಬಂದರೆ ಹೇಸಿಗೆ.

ಹಾಗಂತ ಇಥಿಯೋಪಿಯಾದ ತಟ್ಟೆಯನ್ನು ತಲೆ ಮೇಲೆ ಹೊತ್ತು ಕುಣಿಯಲು ನಾವು ತಯಾರಿಲ್ಲ. ಆ ದೇಶದ ನೈರುತ್ಯದಲ್ಲಿ, ಕಾಫಿ ಬೆಳೆಯುವ ಕಾಫಾ ಸೀಮೆಯಲ್ಲಿ, ಮಂಜೋ ಎಂಬ ಜನರಿದ್ದಾರೆ. ಹಿಂದೆ ಬೇಟೆಯಾಡಿ ಬದುಕಿದವರು. ಕಾಡುಹಂದಿ, ಕೋತಿ ತಿನ್ನುತ್ತಾರೆಂಬ ನೆವ ಹೇಳಿ ಅವರನ್ನು ಹೊಲಸು ಅನ್ನುತ್ತಾರೆ, ಜೊತೆಗೆ ಕೂತು ಉಣ್ಣುವುದಿಲ್ಲ. ಇನ್ನು ಕೆಲವು ಸೀಮೆಗಳಲ್ಲಿ ಮಡಕೆ ಮಾಡುವವರಿಗೆ, ಚರ್ಮ ಹದ ಮಾಡುವವರಿಗೆ ಇದೇ ಪಾಡು. ಕೇಳಿದಾಗ ನಮಗೆ ಹೊಸ ಕತೆ ಅನ್ನಿಸಲೇ ಇಲ್ಲ. ತಟ್ಟೆ ಒಂದೇ ಆದ ಮಾತ್ರಕ್ಕೆ ಸಮತೆ ಬಂತು ಅನ್ನೋದು ಹೇಗೆ? ಅದರ ಸುತ್ತ ಯಾರು ಕೂತಿಲ್ಲ ಅನ್ನೋದನ್ನೂ ಎಣಿಸಬೇಕಲ್ಲ.

ವಾಷಿಂಗ್ಟನ್ನಿನ ತಟ್ಟೆಯ ಸುತ್ತ ನಮ್ಮ ಜಾತಿ ಕೇಳಿದವರಿಲ್ಲ, ನಿಜ. ಅಲ್ಲಿ ಕೇಳುವುದು ಕಾಸು. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಇಳಿಸಿದ ಡೆರ್ಗ್ ಎಂಬ ಮಿಲಿಟರಿ ಆಡಳಿತದ ಕೊಲೆಗಳಿಗೆ ಹೆದರಿ ಓಡಿಬಂದವರು ಹಲವರು ಈ ಒಲೆಗಳನ್ನು ಹಚ್ಚಿದರು. ಮೊದಲು ಆಡಮ್ಸ್ ಮಾರ್ಗನ್, ಆಮೇಲೆ ಯು ಸ್ಟ್ರೀಟ್. 2005ರಲ್ಲಿ ಯು ಸ್ಟ್ರೀಟ್ ಪಕ್ಕದ ಒಂಬತ್ತನೇ ಬೀದಿಗೆ ಲಿಟ್ಲ್ ಇಥಿಯೋಪಿಯಾ ಎಂದು ಹೆಸರಿಡುವ ಮಾತು ಬಂದಾಗ, ತಲೆಮಾರುಗಳಿಂದ ಅಲ್ಲಿದ್ದ ಕಪ್ಪು ಜನ ಹಲವರು ಬೇಡ ಅಂದರು. ಅವರು ಕಟ್ಟಿದ ಬೀದಿ, ಸಿಟ್ಟು ಬಂದದ್ದರಲ್ಲಿ ತಪ್ಪೇನು? ಆದರೆ ಕೊನೆಗೆ ಇಬ್ಬರಿಗೂ ದುಬಾರಿಯಾದದ್ದು ಅದೇ ಬಾಡಿಗೆ. ಎಷ್ಟೋ ಹೋಟೆಲುಗಳು ಊರಾಚೆಯ ಸಿಲ್ವರ್ ಸ್ಪ್ರಿಂಗಿಗೆ, ಅಲೆಕ್ಸಾಂಡ್ರಿಯಾಕ್ಕೆ ಹೋದವು. ಅಗ್ಗದ ಊಟಕ್ಕೆ ಈಗ ನಾವು ರೈಲು ಹತ್ತಬೇಕು.

ಆ ಗೆಳೆಯರು ಬರುವ ವಾರ ಮತ್ತೆ ಬರುತ್ತಾರೆ. ನಾಲ್ವರಿಗೂ ಒಂದೇ ತಟ್ಟೆ ಹೇಳುವವರಿದ್ದೇವೆ. ಮೊದಲ ತುತ್ತು ಅವರ ಬಾಯಿಗೆ ಯಾರು ಇಡುವುದು ಅನ್ನೋದೇ ಇನ್ನೂ ತೀರ್ಮಾನವಾಗಿಲ್ಲ.