ನೆತ್ತಿಯ ಬಿಸಿಲು, ಕಪ್ಪು ಆಕಾಶ

1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿ ಕಣಿವೆಯ ಎತ್ತರದಲ್ಲಿ ನಿಂತಿದ್ದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಕೈಯಲ್ಲಿ ಉಳಿದಿದ್ದುದು ಎರಡೇ ಗಾಜಿನ ಪ್ಲೇಟು. ಎದುರಿಗೆ ಹಾಫ್ ಡೋಮ್ ಎಂಬ ಕಡಿದಾದ ಗ್ರಾನೈಟ್ ಬಂಡೆ, ಅದರ ಮೇಲೆ ಮಧ್ಯಾಹ್ನದ ಓರೆ ಬಿಸಿಲು. ಮೊದಲ ಪ್ಲೇಟಿಗೆ ಹಳದಿ ಫಿಲ್ಟರ್ ಹಾಕಿದರು. ತೆಗೆದ ಕೂಡಲೇ ಗೊತ್ತಾಯಿತು, ಬಂಡೆಯ ಮುಂದೆ ನಿಂತಾಗ ಮೈಗೆ ತಟ್ಟಿದ್ದು ಇದರಲ್ಲಿ ಬರುವುದಿಲ್ಲ ಎಂದು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುವುದರಿಂದ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು. ನೆರಳನ್ನು ಬೆಳಗುವುದೂ ಬಹುಪಾಲು ಆಕಾಶದ ನೀಲಿಯೇ, ಹಾಗಾಗಿ ನೆರಳೂ ಕಪ್ಪಿಟ್ಟಿತು. ಬುಡದ ಹಿಮ ಮಾತ್ರ ಬೆಳ್ಳಗೆ ಹೊಳೆಯಿತು.

ಹಾಗಾದರೆ ಆ ಚಿತ್ರ ಸುಳ್ಳೇ?

ಕಂಡದ್ದು ಸುಳ್ಳಾಗಬಹುದೇ ಎಂಬ ಈ ಪ್ರಶ್ನೆ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಪ್ರತ್ಯಕ್ಷವನ್ನು ಪ್ರಮಾಣವೆಂದು ಒಪ್ಪುವ ತರ್ಕಗ್ರಂಥ ನ್ಯಾಯಸೂತ್ರ, ಅದು ಭ್ರಮೆಯಿಂದ ಮುಕ್ತವಾಗಿರಬೇಕೆಂದು ಷರತ್ತು ಹಾಕುತ್ತದೆ. ಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಕೊಟ್ಟ ಉದಾಹರಣೆಯೂ ಬಿಸಿಲಿನದೇ: ಬೇಸಿಗೆಯಲ್ಲಿ ನೆಲದ ಕಾವಿನೊಂದಿಗೆ ಬೆರೆತು ಕದಲುವ ಕಿರಣಗಳನ್ನು ದೂರದಿಂದ ಕಂಡವನು ನೀರೆಂದು ತಿಳಿಯುತ್ತಾನೆ. ಮುಂದೆ ಅದೇ ಪರಂಪರೆಯ ಉದ್ಯೋತಕರ ಈ ವಾದವನ್ನು ಇನ್ನೂ ಬಿಗಿ ಮಾಡಿದ. ಕಿರಣ ಇರುವುದೂ ನಿಜ, ಕದಲುವುದೂ ನಿಜ. ತಪ್ಪಿದ್ದು ನೋಡಿದವನ ಜ್ಞಾನ, ವಸ್ತುವಲ್ಲ.

ಕ್ಯಾಮೆರಾ ಉದ್ಯೋತಕರನ ಪಕ್ಷಕ್ಕೆ ಒಳ್ಳೆಯ ಸಾಕ್ಷಿ. ಬಳ್ಳಾರಿ ಸೀಮೆಯ ಡಾಂಬರು ರಸ್ತೆಯಲ್ಲಿ ಬಿಸಿಲುಗುದುರೆಯ ಫೋಟೊ ತೆಗೆದರೆ ಫೋಟೊದಲ್ಲೂ ನೀರೇ ಕಾಣುತ್ತದೆ. ಬಿಸಿ ಗಾಳಿಯಲ್ಲಿ ಬಾಗಿ ಬಂದ ಆಕಾಶದ ಬೆಳಕನ್ನು ಲೆನ್ಸು ಬಂದಂತೆಯೇ ಹಿಡಿದಿರುತ್ತದೆ. ಅದನ್ನು ನೀರು ಎನ್ನುವವನು ನೋಡುಗ.

ಆಡಮ್ಸ್ ಮಾತ್ರ ಇಷ್ಟು ಸುಲಭವಾಗಿ ಪಾರಾಗುವುದಿಲ್ಲ. ಬಿಸಿಗಾಳಿಗೆ ಉದ್ದೇಶವಿಲ್ಲ, ಆಡಮ್ಸ್‌ಗೆ ಇತ್ತು. ಆದರೆ ಹಾಕಿದ ಫಿಲ್ಟರನ್ನೂ ಹಾಕಿದ ಕಾರಣವನ್ನೂ ಅವರು ತಮ್ಮ ಪುಸ್ತಕಗಳಲ್ಲಿ ಬಿಚ್ಚಿಟ್ಟರು. ಮೋಸ ಮಾಡುವವನು ಹಾಗೆ ಲೆಕ್ಕ ಒಪ್ಪಿಸುವುದಿಲ್ಲ.

ನೆತ್ತಿಯ ಬಿಸಿಲನ್ನು ಫೋಟೊಗ್ರಾಫರುಗಳು ಶಪಿಸುವುದೂ ಅದು ಆಯ್ಕೆಯನ್ನು ಹೀಗೆ ಬಯಲಿಗಿಡುವುದಕ್ಕೇ ಇರಬೇಕು. ಬಂಡೆಗೆ ಎಕ್ಸ್‌ಪೋಶರ್ ಹೊಂದಿಸಿದರೆ ನೆರಳು ಮುಳುಗುತ್ತದೆ, ನೆರಳಿಗೆ ಹೊಂದಿಸಿದರೆ ಬಂಡೆ ಸುಣ್ಣದಂತೆ ಬಿಳಚುತ್ತದೆ. ಏನನ್ನಾದರೂ ಬಿಡಲೇಬೇಕು, ಬಿಟ್ಟದ್ದು ಚಿತ್ರದಲ್ಲೇ ಎದ್ದು ಕಾಣುತ್ತದೆ. ಮುಂಜಾವಿನ ಮೆದು ಬೆಳಕಿನಲ್ಲಿ ಎಲ್ಲವನ್ನೂ ತೋರಿಸಿದಂತೆ ನಟಿಸಬಹುದು. ಈಗಿನ ಫೋನುಗಳು ಹಲವು ಎಕ್ಸ್‌ಪೋಶರ್‌ಗಳನ್ನು ಕ್ಷಣದಲ್ಲಿ ಬೆರೆಸಿ ಆ ನಟನೆಯನ್ನು ನಡುಮಧ್ಯಾಹ್ನಕ್ಕೂ ತಂದಿವೆ. ಆಯ್ಕೆ ಅಲ್ಲೂ ನಡೆಯುತ್ತದೆ, ಹೇಳದೆ ನಡೆಯುತ್ತದೆ.

ಸುಳ್ಳಿನ ಆರೋಪ ಹೊರಿಸುವುದಾದರೆ ಆ ಕಪ್ಪು ಆಕಾಶಕ್ಕಿಂತ ಮೊದಲು ಈ ಹೇಳದ ಆಯ್ಕೆಯ ಮೇಲೆ ಹೊರಿಸಬೇಕು. ಓದುಗರ ಫೋನಿನಲ್ಲಿ ಹೀಗೆ ಬೆರೆಸುವ ಎಚ್‌ಡಿಆರ್ ನಿಲ್ಲಿಸುವ ಸೌಲಭ್ಯವಿದ್ದರೆ, ಮಟಮಟ ಮಧ್ಯಾಹ್ನ ಒಂದೇ ಬಂಡೆಯನ್ನು ಎರಡೂ ಬಗೆಯಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಲಿ.