ಗಿಳಿ ಸಾಕುವ ಮುನ್ನ ಕೇಳಬೇಕಾದ ಪ್ರಶ್ನೆ

ಬೆಂಗಳೂರಿನ ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಸುತ್ತಮುತ್ತ ಬಾಳುವ ನಮ್ಮ ದಿನಚರಿ ಕಾರ್ಖಾನೆಯ ಪಾಳಿಗೆ ಕಟ್ಟುಬಿದ್ದಿದೆ. ಒಬ್ಬರು ಬೆಳಗಿನ ಪಾಳಿಗೆ ಹೊರಟರೆ ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಬಂದು ಕಿಟಕಿಗೆ ಪರದೆ ಎಳೆದು ಮಲಗುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಮನೆ ಸೇರುವಾಗ ಕತ್ತಲಾಗಿರುತ್ತದೆ. 2015ರ ಮೇ ತಿಂಗಳಲ್ಲಿ ಮೆಟ್ರೋ ನಾಗಸಂದ್ರಕ್ಕೆ ಬಂತು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮುಂದುವರಿಯಿತು. ವಠಾರಗಳ ಪಕ್ಕದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಮನೆಗಳು ಹೆಚ್ಚಾದವು, ಮನೆಯಲ್ಲಿ ಹಗಲು ಹೊತ್ತು ಇರುವವರು ಕಡಿಮೆಯಾದರು.

ಇಂಥ ಮನೆಯಲ್ಲಿ ಮಗು ಏನಾದರೊಂದು ಪ್ರಾಣಿ ಬೇಕೆಂದು ಹಟ ಹಿಡಿಯುತ್ತದೆ. ನಾಯಿಗೆ ಮನೆ ಮಾಲೀಕರು ಒಪ್ಪುವುದಿಲ್ಲ. ಬೆಕ್ಕು ಮೂರನೆಯ ಮಹಡಿಯಲ್ಲಿ ನಿಲ್ಲುವುದಿಲ್ಲ. ಕೊನೆಗೆ ಎಲ್ಲರ ಕಣ್ಣು ಗಿಳಿಯ ಮೇಲೆ ಬೀಳುತ್ತದೆ. ಜಾಗ ಬೇಡ, ನಡೆಸಿಕೊಂಡು ಹೋಗಬೇಕಿಲ್ಲ, ಒಂದು ಪಂಜರ ಸಾಕು, ಮೇಲಾಗಿ ಮಾತಾಡುತ್ತದೆ. ಆಗ ನಾವು ಕೇಳುವ ಪ್ರಶ್ನೆ ಇದು: ನಮ್ಮ ಮನೆಗೆ, ನಮ್ಮ ಜೇಬಿಗೆ ಯಾವ ಗಿಳಿ ಹೊಂದುತ್ತದೆ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬೇಕಿಲ್ಲ. ಏನನ್ನೂ ವಿಚಾರಿಸದೆ ಹಕ್ಕಿ ತಂದು ಒಂದೇ ತಿಂಗಳಲ್ಲಿ ಬೇಸತ್ತು ಯಾರಿಗೋ ದಾಟಿಸುವವರಿಗಿಂತ, ಮೊದಲೇ ಲೆಕ್ಕ ಹಾಕುವವರು ಎಷ್ಟೋ ಮೇಲು. ಆದರೆ ಆ ಲೆಕ್ಕದಲ್ಲಿ ಏನೇನು ಸೇರಬೇಕು? ಅಂಗಡಿಯವನು ಹೇಳುವ ಬೆಲೆ ಅದರಲ್ಲಿ ಎಷ್ಟನೆಯ ಪಾಲು?

ಮೊದಲು ಮಾರುಕಟ್ಟೆಯನ್ನೇ ನೋಡೋಣ. ನಮ್ಮಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಪುಟ್ಟ ಹಕ್ಕಿಗಳಲ್ಲಿ ಬಹುಪಾಲು ನಿಜವಾದ ಲವ್ ಬರ್ಡ್‌ಗಳಲ್ಲ. ಅವು ಆಸ್ಟ್ರೇಲಿಯಾ ಮೂಲದ ಬಜ್ಜಿಗಳು, ಅಂದರೆ ಬಜರಿಗಾರ್‌ಗಳು. ಕೆಲವು ನೂರು ರೂಪಾಯಿಗೆ ಜೋಡಿ ಸಿಗುತ್ತದೆ, ನವಣೆ ತಿಂದು ಬದುಕುತ್ತದೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ತಲೆಯ ಮೇಲೆ ಜುಟ್ಟು ಇರುವ ಕಾಕಟೀಲ್ ಕೂಡ ಆಸ್ಟ್ರೇಲಿಯಾದ್ದೇ, ಬೆಲೆ ಸಾವಿರಗಳಲ್ಲಿ. ಹಳದಿ-ಕೇಸರಿ ಬಣ್ಣದ ಸನ್ ಕಾನ್ಯೂರ್ ದಕ್ಷಿಣ ಅಮೆರಿಕದಿಂದ ಬಂದದ್ದು. ಅದರ ಕೂಗು ಗೋಡೆ ದಾಟಿ ಪಕ್ಕದ ಮನೆಗೂ ಕೇಳಿಸುತ್ತದೆ. ಬೂದು ಬಣ್ಣದ ಆಫ್ರಿಕನ್ ಗ್ರೇ ಹತ್ತಾರು ಸಾವಿರ ಬೆಲೆಬಾಳುತ್ತದೆ. ಮಕಾವ್ ಲಕ್ಷ ದಾಟುತ್ತದೆ.

ಈ ಪಟ್ಟಿಯಲ್ಲಿ ನಮ್ಮ ಹಸಿರು ಗಿಳಿ ಇಲ್ಲವೇಕೆ ಎಂದು ಓದುಗರು ಕೇಳಬಹುದು. ಕೊರಳಲ್ಲಿ ಗುಲಾಬಿ ಪಟ್ಟಿ ಇರುವ, ಸೀಬೆ ತೋಟಗಳಿಗೆ ದಂಡೆತ್ತಿ ಬರುವ, ಗಿಳಿಶಾಸ್ತ್ರದವನ ಚೀಟಿ ಎತ್ತುತ್ತಿದ್ದ ಗಿಳಿ ಅದು. ಅದನ್ನು ಸಾಕುವುದು ಕಾನೂನಿಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ನೆಲದ ಗಿಳಿಗಳಿಗೆಲ್ಲ ರಕ್ಷಣೆ ಕೊಟ್ಟಿದೆ. ಅವನ್ನು ಹಿಡಿಯುವುದಕ್ಕೆ, ಮಾರುವುದಕ್ಕೆ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅವಕಾಶವಿಲ್ಲ. 'ನಮ್ಮಜ್ಜಿ ಸಾಕಿರಲಿಲ್ಲವೇ' ಎಂಬ ಮಾತು ನಮ್ಮೆಲ್ಲರ ಬಾಯಲ್ಲೂ ಬರುತ್ತದೆ. ಅಜ್ಜಿಯ ಅಕ್ಕರೆಯನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಅಂಥ ಗಿಳಿ ಪಂಜರಕ್ಕೆ ಬರುವ ದಾರಿ ಯಾವುದು? ಮರದ ಪೊಟರೆಗೆ ಕೈ ಹಾಕಿ, ರೆಕ್ಕೆ ಬಲಿಯದ ಮರಿಗಳನ್ನು ಎತ್ತಿ, ಚೀಲದಲ್ಲಿ ತುಂಬಿ ಸಾಗಿಸಿದವನ ಕೈದಾಟಿ ಅದು ಬರುತ್ತದೆ. ದಾರಿಯಲ್ಲಿ ಸತ್ತ ಮರಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ವಿದೇಶಿ ಗಿಳಿಗಳಿಗೂ ಈಗ ನಿಯಮಗಳಿವೆ. ಕಾಡಿನಿಂದ ಹಿಡಿದು ಮಾರುವುದು ಮಿತಿಮೀರಿದ್ದರಿಂದ 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ರಾಷ್ಟ್ರಗಳು ಆಫ್ರಿಕನ್ ಗ್ರೇ ಗಿಳಿಯನ್ನು ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದವು. ಒಂದು ಕಾಲದಲ್ಲಿ ಹಿಂಡುಹಿಂಡಾಗಿ ಕಾಣುತ್ತಿದ್ದ ಘಾನಾದ ಕಾಡುಗಳಿಂದ ಅದು ಹೆಚ್ಚುಕಡಿಮೆ ಮಾಯವಾಗಿದೆ. ನಮ್ಮ ದೇಶದಲ್ಲಿ 2024ರಲ್ಲಿ ಬಂದ ನಿಯಮಗಳ ಪ್ರಕಾರ, ಆ ಒಪ್ಪಂದದ ಪಟ್ಟಿಯಲ್ಲಿರುವ ಹಕ್ಕಿಯನ್ನು ಸಾಕುವವರು ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಗ್ರೇ, ಮಕಾವ್, ಕಾನ್ಯೂರ್‌ಗಳು ಅದರಲ್ಲಿ ಬರುತ್ತವೆ. ಬಜ್ಜಿ ಮತ್ತು ಕಾಕಟೀಲ್ ಬರುವುದಿಲ್ಲ. 'ಕಾಗದ ಗೀಗದ ಏನೂ ಬೇಡ' ಎಂದು ಅಂಗಡಿಯವನು ಹೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಇಷ್ಟೆಲ್ಲ ಕಾನೂನಿನ ಮಾತಾಯಿತು. ಕಾನೂನು ತಡೆಯದ ಹಕ್ಕಿಯನ್ನು ತರುವ ಮನೆಯಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ.

ಹಕ್ಕಿಯ ನಿಜವಾದ ವೆಚ್ಚವನ್ನು ವರ್ಷಗಳಲ್ಲಿ ಎಣಿಸಬೇಕು. ಬಜ್ಜಿ ಐದರಿಂದ ಹತ್ತು ವರ್ಷ ಬದುಕುತ್ತದೆ. ಕಾಕಟೀಲ್ ಹದಿನೈದರಿಂದ ಇಪ್ಪತ್ತು. ಆಫ್ರಿಕನ್ ಗ್ರೇ ಚೆನ್ನಾಗಿ ನೋಡಿಕೊಂಡರೆ ನಲವತ್ತು ದಾಟುತ್ತದೆ, ಮಕಾವ್ ಐವತ್ತನ್ನೂ ಮುಟ್ಟಬಹುದು. ನಲವತ್ತರ ವಯಸ್ಸಿನಲ್ಲಿ ಗ್ರೇ ಮರಿ ತಂದವರು ತಮ್ಮ ನಂತರ ಅದನ್ನು ಯಾರು ನೋಡುತ್ತಾರೆ ಎಂದು ಯೋಚಿಸಲೇಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಬದುಕುವ ನಾವು ನಲವತ್ತು ವರ್ಷದ ಕರಾರಿಗೆ ಸಹಿ ಹಾಕುತ್ತಿದ್ದೇವೆ.

ಇನ್ನು ದಿನದ ಲೆಕ್ಕ. ಗಿಳಿಗೆ ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು ಮತ್ತು ನಿಶ್ಶಬ್ದ ಬೇಕು. ಪಾಳಿ ಮುಗಿಸಿ ಬಂದವರು ನಡುರಾತ್ರಿ ಟಿವಿ ಹಾಕುವ ಒಂದೇ ಕೋಣೆಯ ಮನೆಯಲ್ಲಿ ಅದು ಸಿಗುವುದಿಲ್ಲ. ಬರೀ ಸೂರ್ಯಕಾಂತಿ ಬೀಜ ತಿಂದರೆ ಕೊಬ್ಬು ಬೆಳೆದು ಕಾಯಿಲೆ ಬೀಳುತ್ತದೆ. ಸೊಪ್ಪು, ಕ್ಯಾರೆಟ್, ಹಣ್ಣು ದಿನವೂ ಬೇಕು. ಬೆಣ್ಣೆಹಣ್ಣು ಮತ್ತು ಚಾಕಲೇಟ್ ಅದಕ್ಕೆ ವಿಷ. ಒಲೆಯ ಮೇಲೆ ಮರೆತು ಕಾದ ನಾನ್‌ಸ್ಟಿಕ್ ತವಾದಿಂದ ಏಳುವ ಹೊಗೆ ನಮಗೆ ವಾಸನೆಯಷ್ಟೇ. ಪಕ್ಕದಲ್ಲಿರುವ ಹಕ್ಕಿ ಅದರಿಂದ ನಿಮಿಷಗಳಲ್ಲಿ ಸಾಯಬಹುದು. ಅಡುಗೆಮನೆಯ ಗೋಡೆಯಾಚೆಗೇ ಪಂಜರ ತೂಗುವ ನಮ್ಮ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಹಕ್ಕಿಯ ಕಾಯಿಲೆ ಬಲ್ಲ ವೈದ್ಯರು ನಾಯಿ ಬೆಕ್ಕಿನ ವೈದ್ಯರಷ್ಟು ಸುಲಭವಾಗಿ ಸಿಗುವುದೂ ಇಲ್ಲ.

ಇವೆಲ್ಲವನ್ನೂ ದುಡ್ಡು, ಶ್ರದ್ಧೆಗಳಿಂದ ಹೊಂದಿಸಬಹುದು ಎನ್ನೋಣ. ಹೊಂದಿಸಲಾಗದ್ದು ಒಂದಿದೆ, ಅದು ಜೊತೆ. ಗಿಳಿ ಗುಂಪಿನ ಜೀವಿ. ಕಾಡಿನಲ್ಲಿ ಅದು ಒಂಟಿಯಾಗಿ ಉಣ್ಣುವುದಿಲ್ಲ, ಒಂಟಿಯಾಗಿ ಮಲಗುವುದಿಲ್ಲ. ಗುಂಪಿನವರ ದನಿಯನ್ನು ಕಲಿತು ತಾನೂ ಹಾಗೆಯೇ ಕೂಗಿ 'ನಾನು ನಿಮ್ಮವನು' ಎಂದು ತಿಳಿಸುವುದು ಅದರ ಸ್ವಭಾವ. ಪಂಜರದ ಗಿಳಿ ನಮ್ಮ ಮಾತು ಕಲಿಯುವುದರ ಹಿಂದೆಯೂ ಇರುವುದು ಇದೇ. ಸುತ್ತ ಬೇರೆ ಗಿಳಿಗಳಿಲ್ಲ, ನಾವಿದ್ದೇವೆ. ಆದ್ದರಿಂದ ನಮ್ಮನ್ನೇ ತನ್ನ ಗುಂಪು ಎಂದು ಒಪ್ಪಿಕೊಳ್ಳುತ್ತದೆ. ನಾವು ನಕ್ಕು ಚಪ್ಪಾಳೆ ತಟ್ಟುವ ಆ 'ಸಲಾಂ', ಆ 'ನಮಸ್ಕಾರ' ಅದರ ಪಾಲಿಗೆ ನಮ್ಮೊಂದಿಗೆ ನಂಟು ಬೆಸೆಯುವ ಪ್ರಯತ್ನ.

ಅದರ ಮನಸ್ಸಿನ ಆಳ ಎಷ್ಟೆಂಬುದಕ್ಕೆ ಅಲೆಕ್ಸ್ ಎಂಬ ಗ್ರೇ ಗಿಳಿ ಸಾಕ್ಷಿ. ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಅದನ್ನು ಷಿಕಾಗೋದ ಒಂದು ಅಂಗಡಿಯಿಂದ ಕೊಂಡರು. ಮೂವತ್ತು ವರ್ಷಗಳ ಅಭ್ಯಾಸದಲ್ಲಿ ಅದು ಸುಮಾರು ಐವತ್ತು ವಸ್ತುಗಳ ಹೆಸರು, ಏಳು ಬಣ್ಣ, ಆರರವರೆಗಿನ ಎಣಿಕೆ ಕಲಿಯಿತು. ಎರಡು ವಸ್ತುಗಳನ್ನು ಮುಂದಿಟ್ಟು ಇವುಗಳಲ್ಲಿ ಯಾವುದು ಬೇರೆ, ಯಾವುದು ಒಂದೇ ಎಂದು ಕೇಳಿದರೆ ಉತ್ತರಿಸುತ್ತಿತ್ತು. 2007ರಲ್ಲಿ ಅದು ಸತ್ತಾಗ ಪತ್ರಿಕೆಗಳು ಶೋಕದ ಸುದ್ದಿ ಬರೆದವು. ಅಂಥ ಬುದ್ಧಿಯ ಜೀವಿಯೊಂದನ್ನು ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿದ ಮನೆಯಲ್ಲಿ ಬಿಟ್ಟು ರಾತ್ರಿ ಎಂಟಕ್ಕೆ ಬಂದರೆ ಏನಾಗುತ್ತದೆ? ಅದು ಕಿರುಚುತ್ತದೆ. ಕೆಲವು ಗಿಳಿಗಳು ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುತ್ತವೆ. ನಾವು ಅದಕ್ಕೆ 'ಕೆಟ್ಟ ಅಭ್ಯಾಸ' ಎಂದು ಹೆಸರಿಡುತ್ತೇವೆ.

ಮೌಲಾನಾ ರೂಮಿಯ ಮಸ್ನವಿಯಲ್ಲಿ ಬರುವ ವ್ಯಾಪಾರಿ ಮತ್ತು ಗಿಳಿಯ ಕತೆ ಹಲವರಿಗೆ ಗೊತ್ತು. ಹಿಂದುಸ್ತಾನಕ್ಕೆ ಹೊರಟ ವ್ಯಾಪಾರಿ, ನಿನಗೇನು ಉಡುಗೊರೆ ತರಲಿ ಎಂದು ಗಿಳಿಯನ್ನು ಕೇಳುತ್ತಾನೆ. ಅಲ್ಲಿಯ ಗಿಳಿಗಳಿಗೆ ನನ್ನ ಪಾಡು ತಿಳಿಸು ಎಂದಷ್ಟೇ ಅದು ಬೇಡುತ್ತದೆ. ಸುದ್ದಿ ಕೇಳಿದ ಕಾಡಿನ ಗಿಳಿಯೊಂದು ನಡುಗಿ ಬಿದ್ದುಬಿಡುತ್ತದೆ. ಊರಿಗೆ ಬಂದು ವ್ಯಾಪಾರಿ ಅದನ್ನು ಹೇಳಿದಾಗ ಪಂಜರದ ಗಿಳಿಯೂ ಹಾಗೆಯೇ ಬೀಳುತ್ತದೆ. ಸತ್ತಿತೆಂದು ಅವನು ಹೊರಗೆಸೆದಾಗ ಹಾರಿಹೋಗುತ್ತದೆ. ಅದನ್ನು ಪಂಜರದಲ್ಲಿ ಹಿಡಿದಿಟ್ಟದ್ದು ಅದರ ಇಂಪಾದ ದನಿಯೇ ಎಂಬುದು ಆ ಕತೆಯ ತಿರುಳುಗಳಲ್ಲೊಂದು. ಆ ವ್ಯಾಪಾರಿ ಕ್ರೂರಿಯಲ್ಲ. ಅವನು ಗಿಳಿಯನ್ನು ಪ್ರೀತಿಸುತ್ತಿದ್ದ, ಉಡುಗೊರೆ ತರಲು ಸಿದ್ಧನಿದ್ದ. ಬಾಗಿಲು ತೆರೆಯುವುದೊಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಪ್ರೀತಿ ಇಂಥದ್ದೇ.

ಹಾಗಾದರೆ ಹಕ್ಕಿ ಸಾಕುವುದೇ ತಪ್ಪೇ? ಹಾಗೆ ತೀರ್ಪು ಕೊಡಲು ನಾವು ಸಿದ್ಧರಿಲ್ಲ. ಅಬೂ ಉಮೈರ್ ಎಂಬ ಬಾಲಕನ ಬಳಿ ಒಂದು ಪುಟ್ಟ ಹಕ್ಕಿಯಿತ್ತು. ಪ್ರವಾದಿಯವರು (ಸ) ಆ ಹಕ್ಕಿಯ ವಿಚಾರ ಎತ್ತಿ ಅವನನ್ನು ಅಕ್ಕರೆಯಿಂದ ಮಾತಾಡಿಸುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಚೆನ್ನಾಗಿ ನೋಡಿಕೊಳ್ಳುವುದಾದರೆ ಹಕ್ಕಿ ಸಾಕಬಹುದು ಎಂದು ವಿದ್ವಾಂಸರು ಇದರಿಂದ ಅರ್ಥೈಸಿದ್ದಾರೆ. ಜೊತೆಗೆ ಬೇರೆರಡು ಪ್ರಸಂಗಗಳೂ ಇವೆ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಅದು ತಾನಾಗಿ ತಿಂದು ಬದುಕಲೂ ಬಿಡದ ಹೆಂಗಸು ಶಿಕ್ಷೆಗೊಳಗಾದ ಪ್ರಸಂಗ ಒಂದು. ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ಹಕ್ಕಿಯನ್ನು ಕಂಡು, ಮರಿಗಳನ್ನು ಅದಕ್ಕೆ ಮರಳಿಸಿ ಎಂದು ಆಜ್ಞಾಪಿಸಿದ ಪ್ರಸಂಗ ಇನ್ನೊಂದು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಸಿಗುವ ತಾತ್ಪರ್ಯ ಸರಳ: ಸಾಕಿದ ಜೀವ ನಮ್ಮ ಸೊತ್ತಲ್ಲ, ನಮ್ಮಲ್ಲಿಟ್ಟ ಅಮಾನತ್ತು. ಜೀವದಯೆಯನ್ನು ಸಾರುವ ಈ ನೆಲದ ಯಾವ ಪರಂಪರೆಯೂ ಇದಕ್ಕೆ ಹೊರತಾದದ್ದನ್ನು ಹೇಳಲಾರದು.

ಇದಕ್ಕೆ ಒಂದು ಆಕ್ಷೇಪವನ್ನು ಎದುರಿಸಬೇಕು. ಮಕ್ಕಳೆಲ್ಲ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಒಬ್ಬರೇ ಕೂರುವ ಹಿರಿಯರಿಗೆ ಒಂದು ಜೊತೆ ಹಕ್ಕಿ ಎಷ್ಟು ದೊಡ್ಡ ಆಸರೆ! ಅದನ್ನೂ ಬೇಡವೆನ್ನುವುದೇ? ಖಂಡಿತ ಇಲ್ಲ. ಗಮನಿಸಿ, ಆ ಮನೆಯಲ್ಲಿ ಹಕ್ಕಿಗೆ ಬೇಕಾದ ಜೊತೆ ಇದೆ. ಹಿರಿಯರ ಒಂಟಿತನ, ಹಕ್ಕಿಯ ಒಂಟಿತನ ಎರಡೂ ಅಲ್ಲಿ ಒಟ್ಟಿಗೆ ನೀಗುತ್ತವೆ. ಮಗುವಿನ ಹಟಕ್ಕೆ ತಂದು, ಹಟ ತೀರಿದ ಮೇಲೆ ಬಾಲ್ಕನಿಗೆ ತಳ್ಳಿದ ಹಕ್ಕಿಯ ಕತೆ ಬೇರೆ.

ಇನ್ನೊಂದು ತುದಿಯ ತಪ್ಪೂ ಇದೆ. ಇಷ್ಟನ್ನು ಓದಿ ಯಾರಾದರೂ ಈಗಲೇ ಪಂಜರದ ಬಾಗಿಲು ತೆರೆದು ಪುಣ್ಯ ಕಟ್ಟಿಕೊಳ್ಳಲು ಹೊರಟರೆ ಅದು ದಯೆಯಾಗದು. ಪಂಜರದಲ್ಲೇ ಹುಟ್ಟಿದ ಬಜ್ಜಿಗೆ ತುಮಕೂರು ರಸ್ತೆಯ ಮೇಲಿನ ಆಕಾಶದಲ್ಲಿ ಕಾಳು ಹುಡುಕುವುದು ತಿಳಿಯದು, ಹದ್ದು ಕಾಗೆಗಳಿಂದ ತಪ್ಪಿಸಿಕೊಳ್ಳುವುದೂ ತಿಳಿಯದು. ಅದು ಒಂದೆರಡು ದಿನದಲ್ಲಿ ಸಾಯುತ್ತದೆ; ನಮ್ಮ ಮನಸ್ಸಿಗೆ ಮಾತ್ರ ಹಗುರ. ಮನೆಯಲ್ಲಿರುವುದು ನಮ್ಮ ನಾಡಿನ ಹಸಿರು ಗಿಳಿಯಾದರೆ ಅರಣ್ಯ ಇಲಾಖೆಗೆ ತಿಳಿಸಿ, ಹಾರಲು ಮರಳಿ ಕಲಿಸುವ ಪುನರ್ವಸತಿ ಕೇಂದ್ರಕ್ಕೆ ತಲುಪಿಸಬೇಕು. ವಿದೇಶಿ ಹಕ್ಕಿಯಾದರೆ ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳುವುದೇ ಪ್ರಾಯಶ್ಚಿತ್ತ. ದೊಡ್ಡ ಪಂಜರ, ಜೊತೆಗೊಂದು ಹಕ್ಕಿ, ಕಿಟಕಿ ಬಾಗಿಲು ಮುಚ್ಚಿ ಫ್ಯಾನ್ ಆರಿಸಿದ ಕೋಣೆಯಲ್ಲಿ ದಿನಕ್ಕೊಂದಿಷ್ಟು ಹೊತ್ತು ಹಾರಾಟ, ಇವು ಅದರ ಹಕ್ಕುಗಳು.

ಆದ್ದರಿಂದ ಯಾವ ಗಿಳಿ ತರಲಿ ಎಂದು ಕೇಳುವವರಿಗೆ ನಮ್ಮ ಉತ್ತರ ಹೀಗಿದೆ. ಮನೆಯಲ್ಲಿ ಹಗಲು ಯಾರೂ ಇಲ್ಲದಿದ್ದರೆ ಯಾವ ಗಿಳಿಯೂ ಬೇಡ. ಯಾರಾದರೂ ಇದ್ದು, ಜಾಗ ಚಿಕ್ಕದಾಗಿದ್ದರೆ, ಒಂದು ಜೋಡಿ ಬಜ್ಜಿ. ಅವು ಮಾತಾಡದಿದ್ದರೂ ಪರವಾಗಿಲ್ಲ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ. ಸ್ವಂತ ಮನೆ, ಬಿಡುವು, ಇಪ್ಪತ್ತು ವರ್ಷ ಮುಂದೆ ನೋಡುವ ತಾಳ್ಮೆ ಇದ್ದರೆ ಕಾಕಟೀಲ್. ಗ್ರೇ ಮತ್ತು ಮಕಾವ್‌ಗಳನ್ನು ಕೊಳ್ಳುವ ಶಕ್ತಿ ಹಲವರಿಗಿದೆ. ಸಾಕುವ ಶಕ್ತಿ ಬಹಳ ಕಡಿಮೆ ಮಂದಿಗಿದೆ.

ಏನನ್ನೂ ಸಾಕಲಾಗದವರ ಮಗುವಿಗೂ ಹಕ್ಕಿಯ ನಂಟು ತಪ್ಪಬೇಕಿಲ್ಲ. ತಾರಸಿಯ ನೆರಳಿನಲ್ಲಿ ಒಂದು ಮಣ್ಣಿನ ಬಟ್ಟಲಿಟ್ಟು ದಿನವೂ ತೊಳೆದು ನೀರು ತುಂಬುವ ಕೆಲಸವನ್ನು ಮಗುವಿಗೇ ವಹಿಸಬಹುದು. ಬರುವ ಹಕ್ಕಿ ನಮ್ಮದಾಗಿರುವುದಿಲ್ಲ. ಬಾರದ ದಿನ ಅದನ್ನು ದೂರಲೂ ಆಗುವುದಿಲ್ಲ. ತನ್ನದಲ್ಲದ ಜೀವವನ್ನು ಪ್ರೀತಿಸಲು ಕಲಿತ ಮಗು ಮುಂದೆ ಹೆಂಡತಿ, ಗಂಡ, ಮಕ್ಕಳು, ನೆರೆಯವರು ಯಾರನ್ನೂ ತನ್ನ ಸೊತ್ತೆಂದು ಭಾವಿಸದೆ ಬಾಳುವ ಸಾಧ್ಯತೆ ಹೆಚ್ಚು. ಅಂಗಡಿಯಲ್ಲಿ ಪಂಜರದ ಬೆಲೆ ಕೇಳುವ ಮೊದಲು ಈ ಲಾಭವನ್ನೂ ಲೆಕ್ಕಕ್ಕೆ ಹಿಡಿಯೋಣ.